ಮಿಂಟಿಯ ಬೆನ್ನು

ಮದುವೆಯಾದ ವರ್ಷದಿಂದ ಕಣ್ಣು ಮಂಜಾಗುವವರೆಗೆ ನಾರ್ವಲ್ ಪೀಟ್ರಿ ಚಿತ್ರಿಸಿದ್ದು ಒಬ್ಬಳೇ ಹುಡುಗಿಯನ್ನು. ಅವಳ ಹೆಸರು ಮಿಂಟಿ. ಡಂಡೀ ಊರಿನ ನಮ್ಮ ಮಕ್ಕಳ ವಾರಪತ್ರಿಕೆಯ ಕೊನೆಯ ಪುಟದ ಚಿತ್ರಕಥೆಯಲ್ಲಿ ಅವಳು ಯಾರದೋ ಟೋಪಿಯೊಳಗೆ ಕಪ್ಪೆ ಬಿಟ್ಟು ಓಡುತ್ತಿದ್ದಳು. ನಾರ್ವಲ್‌ನ ತಲೆ ನರೆಯಿತು. ಅವಳಿಗೆ ಮಾತ್ರ ಒಂಬತ್ತು ದಾಟಲಿಲ್ಲ. ಚಿತ್ರದಡಿ ಹೆಸರು ಹಾಕಬಾರದೆಂಬುದು ನಮ್ಮಲ್ಲಿ ಕಟ್ಟಳೆ. ಯಾರಾದರೂ ಹಾಕಿದರೆ ಬಿಳಿ ಬಣ್ಣ ಬಳಿದು ಅಳಿಸುತ್ತಿದ್ದರು. ಮಿಂಟಿಯ ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆಯುವ ಕೆಲಸ ನನ್ನದು. ಅವಳಿಗೆ ಮಾತು ಕೊಟ್ಟವನೇ ನಾನು ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ, ಮಾತು ಬೇರೆಯವರದು. ನಾನು ಅದನ್ನು ದುಂಡಗೆ ಬರೆಯುತ್ತಿದ್ದೆ, ಅಷ್ಟೆ.

ನಾರ್ವಲ್ ಯಾವಾಗಲೂ ಅರ್ಧ ಕನಸಿನಲ್ಲಿರುವ ಮನುಷ್ಯ. ಬಿಡಿಸಬೇಕಾದ ಮುಖವೆಲ್ಲ ಮೊದಲು ಅವನ ಮುಖದ ಮೇಲೆ ಬರುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಅವನು ಕಪ್ಪೆ ಕಂಡ ಮೇಷ್ಟರ ಮುಖ ಮಾಡಿಕೊಂಡಿದ್ದಾಗ ಮುದುಕಿಯೊಬ್ಬಳು ಗಾಬರಿಯಾಗಿ ಎದ್ದು ಜಾಗ ಬಿಟ್ಟುಕೊಟ್ಟಳು.

ಕಣ್ಣಿನ ಡಾಕ್ಟರು ಇನ್ನು ಸಾಕೆಂದರು. ನಮ್ಮ ಸಂಪಾದಕರು ಕ್ರೈಟನ್ ಸಾಹೇಬರು. ಫೋನು ಬಂದರೂ ಕೋಟು ತೊಟ್ಟುಕೊಂಡೇ ಎತ್ತುವವರು. ಮಿಂಟಿಯನ್ನು ಇನ್ನು ಮುಂದೆ ರೋನಾ ಎಂಬ ಹೊಸ ಹುಡುಗಿ ಬಿಡಿಸಲಿ, ಅದಕ್ಕೆ ಮಾದರಿಯಾಗಿ ಮಿಂಟಿಯ ಮುಂಭಾಗ, ಪಕ್ಕ, ಬೆನ್ನು ಮೂರನ್ನೂ ಒಂದೇ ಹಾಳೆಯಲ್ಲಿ ನಾರ್ವಲ್ ಬಿಡಿಸಿಕೊಡಲಿ ಎಂದು ಅವರ ಅಪ್ಪಣೆಯಾಯಿತು. ಶುಕ್ರವಾರದೊಳಗೆ ಹಾಳೆ ಬಾರದಿದ್ದರೆ ಮಿಂಟಿಯ ಕಥೆ ಮುಗಿಯಿತು, ಆ ಪುಟ ಆಕಾಶಯಾನ ಮಾಡುವ ನಾಯಿಯೊಂದಕ್ಕೆ.

ಮುಂಭಾಗ, ಎಂದಿನಂತೆ ಒಂದೇ ಕಿವಿ ಕಾಣುವ ಓರೆ ಮುಖದೊಂದಿಗೆ, ಒಂದೇ ಉಸಿರಿಗೆ ಬಂತು. ಪಕ್ಕವೂ ಬಂತು. ಬೆನ್ನಿನ ಬಳಿ ಪೆನ್ಸಿಲ್ ನಿಂತಿತು. ಓದುವ ಮಕ್ಕಳಿಗೆ ಮಿಂಟಿ ಒಮ್ಮೆಯೂ ಬೆನ್ನು ತೋರಿಸಿರಲಿಲ್ಲ. ಅವಳ ಕಿವಿಯ ಮೇಲೊಂದು ಮೋಟು ಜುಟ್ಟು. ಎಡಕ್ಕೆ ಓಡಿದರೆ ಅದು ಎಡಗಿವಿಯ ಮೇಲೆ, ಬಲಕ್ಕೆ ಓಡಿದರೆ ಬಲಗಿವಿಯ ಮೇಲೆ. ಯಾವ ಕಿವಿ ನಮಗೆ ಕಾಣುತ್ತದೋ ಜುಟ್ಟು ಅಲ್ಲಿ. ಇಷ್ಟು ವರ್ಷ ಅದು ಹೀಗೆ ಅತ್ತಿತ್ತ ಹಾರುತ್ತಿದ್ದುದು ಬಿಡಿಸಿದವನಿಗೂ ತಿಳಿದಿರಲಿಲ್ಲ, ಓದಿದವರಿಗೂ ತಿಳಿದಿರಲಿಲ್ಲ. ಬೆನ್ನಿನ ಕಡೆಯಿಂದ ನೋಡಿದರೆ ಎರಡೂ ಕಿವಿಗಳು ಕಾಣುತ್ತವೆ. ಜುಟ್ಟು ಯಾವುದರ ಮೇಲೆ?

ಕ್ರೈಟನ್ ಸಾಹೇಬರು ಸಭೆ ಕರೆದರು. ಹಳೆಯ ಸಂಚಿಕೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕೊಲೆ ತನಿಖೆಗೆ ಬಂದವರಂತೆ ಬಗ್ಗಿ ನೋಡಿದರು. ಇದು ಸಂಸ್ಥೆಯ ಮಾನದ ಪ್ರಶ್ನೆ, ಎಡವೋ ಬಲವೋ ಇತ್ಯರ್ಥವಾಗಲೇಬೇಕು ಎಂದರು.

"ಒಂದು ಕಡೆ ಕಟ್ಟಿಹಾಕಿದ್ರೆ ಅವಳು ಓಡಲ್ಲ ಸರ್," ಎಂದ ನಾರ್ವಲ್.

ಬೆನ್ನು ಹುಡುಕುತ್ತ ಅವನು ಊರೆಲ್ಲ ಅಲೆದ. ಸೆಣಬಿನ ಗಿರಣಿ ಬಿಡುವ ಹೊತ್ತಿಗೆ ಹೋಗಿ ಹೆಂಗಸರ ಹಿಂದೆ ನಡೆದು ಬೈಸಿಕೊಂಡ. ಅದೇ ಗಿರಣಿಯ ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ಗಂಟಲು ದೊಡ್ಡದಾಗಿದ್ದ ಅವನ ಹೆಂಡತಿ ಎಫಿಗೆ ಸುದ್ದಿ ಮುಟ್ಟಿತು.

"ಇಷ್ಟು ವರ್ಷ ಆ ಹುಡುಗಿ ಜೊತೆ ಸಂಸಾರ ಮಾಡಿದೀಯ, ಬೆನ್ನು ಹೆಂಗಿದೆ ಅಂತ ಗೊತ್ತಿಲ್ವಾ? ನನ್ನದಾದ್ರೂ ನೋಡಿದೀಯಾ?"

"ನಿಂದು ಚೆನ್ನಾಗಿ ಗೊತ್ತು. ಜಗಳ ಆದಾಗೆಲ್ಲ ಅದನ್ನೇ ತಾನೇ ತೋರಿಸೋದು?"

ಶುಕ್ರವಾರ ಬೆಳಿಗ್ಗೆ ಸಮುದ್ರದ ಮಂಜು ಊರನ್ನು ನುಂಗಿತ್ತು. ಮುಂದಿನದನ್ನು ನಾರ್ವಲ್ ನನಗೆ ಹೇಳಿದಂತೆಯೇ ಹೇಳುತ್ತೇನೆ. ಅವನು ಗುಡ್ಡದ ಮೇಲಿನ ಬೆಂಚಿನಲ್ಲಿ ಕುಳಿತಿದ್ದನಂತೆ. ಪಕ್ಕದಲ್ಲೇ ಮಿಂಟಿ ಹಾದುಹೋದಳಂತೆ, ಮಸಿಯ ಗೆರೆಗಳು ಇನ್ನೂ ಹಸಿ. ಅವನತ್ತ ತಿರುಗಿಯೂ ನೋಡದೆ ನದಿಯ ಕಡೆಗೆ ಇಳಿಜಾರಿನಲ್ಲಿ ಓಡಿದಳು. ಟೇ ನದಿಯ ಗಾಳಿ ಒಮ್ಮೆ ಅತ್ತ, ಒಮ್ಮೆ ಇತ್ತ ಬೀಸಿತು. ಜುಟ್ಟು ಗಾಳಿಯ ಜೊತೆ ಹೋಯಿತು, ಬಂತು. ಕರೆಯಬೇಕೆನಿಸಿತಂತೆ. ಕರೆದರೆ ತಿರುಗಿಬಿಡುತ್ತಾಳೆ, ಬೆನ್ನು ತಪ್ಪಿಹೋಗುತ್ತದೆ ಎಂದು ಸುಮ್ಮನಿದ್ದನಂತೆ. ಮಂಜು ಅವಳನ್ನು ಒಳಗೆ ಕರೆದುಕೊಂಡಿತು.

ಒದ್ದೆ ಕೋಟಿನಲ್ಲೇ ಕಚೇರಿಗೆ ಬಂದು ಕುಳಿತು ಬಿಡಿಸಿದ. ಹಾಳೆಯಿಂದಾಚೆಗೆ ಓಡುತ್ತಿರುವ ಹುಡುಗಿ, ಉಬ್ಬಿದ ಲಂಗ, ನೆತ್ತಿಯ ನಡುವೆ ಹೊಗೆಯಂತೆ ಸುರುಳಿ ಸುತ್ತಿದ ಜುಟ್ಟು.

"ಗಾಳಿ ಯಾವ ಕಡೆಯಿಂದ ಬೀಸ್ತಿದೆ, ಪೀಟ್ರಿ?" ಕ್ರೈಟನ್ ಸಾಹೇಬರು ಕೇಳಿದರು.

"ಇದು ಡಂಡೀ, ಸರ್. ಎಲ್ಲಾ ಕಡೆಯಿಂದ."

"ಶಾಲೆ ಒಳಗೂನಾ?"

"ಅವಳು ಒಳಗೆ ಬಂದ್ರೆ ಬಾಗಿಲು ಹಾಕಲ್ಲ, ಸರ್."

ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ಕೊನೆಗೆ ಕೋಟು ತೊಟ್ಟುಕೊಂಡು, ಒಪ್ಪಿಗೆಯಾಗಿದೆ ಎಂದು ಬರೆದು, ಮಿಂಟಿಗಿಂತ ದೊಡ್ಡದಾಗಿ ಸಹಿ ಹಾಕಿದರು. ಅದಕ್ಕೆ ಯಾರೂ ಬಿಳಿ ಬಣ್ಣ ಬಳಿಯಲಿಲ್ಲ.

ರೋನಾ ಹಾಳೆಯನ್ನು ಕೈಗೆತ್ತಿಕೊಂಡು, "ನಿಲ್ಲೋ ಹಂಗೇ ಕಾಣಲ್ಲ ಇವಳು," ಎಂದಷ್ಟೇ ಹೇಳಿ ಕೆಲಸಕ್ಕೆ ಕುಳಿತಳು.

ಅವಳು ಬಿಡಿಸಿದ ಮೊದಲ ಪುಟ ಅಚ್ಚಾಗಿ ಬಂದ ದಿನ ನಾರ್ವಲ್ ಅಂಗಡಿಯಲ್ಲಿ ಪತ್ರಿಕೆ ಕೊಂಡು ಹಡಗುಕಟ್ಟೆಯ ಬಳಿ ನಿಂತ. ಜೊತೆಗೆ ನಾನಿದ್ದೆ. ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡತೊಡಗಿದ. ಮೊದಲ ಚೌಕದಲ್ಲಿ ಮಿಂಟಿ ಒಂದು ಬಕೆಟ್ ಹೊತ್ತು ಶಾಲೆಯ ಮಾಡು ಹತ್ತಿದ್ದಳು. ಕೆಳಗೆ ಮೇಷ್ಟರು, ಮೇಯರು, ಒಬ್ಬ ಪಾದ್ರಿ. ಬಕೆಟ್ ಯಾರ ಮೇಲೆ ಬೀಳುತ್ತದೆಂಬುದು ಗುಳ್ಳೆ ಬರೆದ ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ.

"ಸುಮ್ನಿರಯ್ಯಾ," ಎಂದು ನಾರ್ವಲ್ ಉಳಿದ ಚೌಕಗಳನ್ನು ಅಂಗೈಯಲ್ಲಿ ಮುಚ್ಚಿದ. "ನಾನೇ ನೋಡ್ತೀನಿ."