ಎರಡನೇ ಚೆಕ್ಕಿನ ವರ್ಲೀನ್

ಬೆಳಗಿನ ಐದೂವರೆ. ಕಾನ್ಸಸ್ಸಿನ ಬಯಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಆರ್ಲಿನ್ ಉನ್ರು ಅವರ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ಗುಂಯ್ಗುಡುತ್ತಿದೆ. ಸಗಣಿ ತುಳಿಯದಂತೆ ಹೆಜ್ಜೆಯಿಡುತ್ತ, ಕಡತವನ್ನು ಎದೆಗವಚಿಕೊಂಡು ವರ್ಲೀನ್ ಶ್ರಾಗ್ ಕೂಗುತ್ತಾರೆ: "ಬ್ರದರ್ ಆರ್ಲಿನ್, ಈ ಕಾಗದದಲ್ಲಿ ಖರ್ಚು ಸೊನ್ನೆ ಅಂತ ಯಾಕ್ರೀ ಬರೆದ್ರಿ?"

"ಸೊನ್ನೆ ಆಗಿದ್ದಕ್ಕೆ ಸೊನ್ನೆ ಬರೆದೆ, ಹುಡುಗಿ. ಮೆಲ್ಲಗೆ ಮಾತಾಡು, ಹಸು ಹೆದರುತ್ತೆ."

ಹುಡುಗಿಗೆ ಐವತ್ತೆಂಟು ವರ್ಷ. ಊರಿನ ವಿಮಾ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕಾಗದ ಜೋಡಿಸುವ ಕೆಲಸ. ಪಾಲಿಸಿ ಮಾರುವವರ ಫೋಟೊಗಳು ಅಲ್ಲಿನ ಗೋಡೆಯ ಮೇಲಿವೆ, ವರ್ಲೀನ್ ಅವರದಿಲ್ಲ. ಗಂಟೆ ಲೆಕ್ಕದ ಸಂಬಳ. ಬೆಳಗಿನ ಈ ಓಡಾಟ ಆ ಲೆಕ್ಕಕ್ಕೆ ಸೇರುವುದಿಲ್ಲ.

ಅವರು ಕಾಯುವುದು ಎರಡನೇ ಚೆಕ್ಕನ್ನು. ಇಲ್ಲಿನ ಹೆಚ್ಚಿನ ಮನೆಗಳಿಗೆ 'ಹೊಸದರ ಬೆಲೆ' ಕೊಡುವ ಪಾಲಿಸಿಯಿದೆ. ಆಲಿಕಲ್ಲು ಬಿದ್ದು ಹದಿನೈದು ವರ್ಷದ ಚಾವಣಿ ಹಾಳಾದರೆ ಹೊಸ ಚಾವಣಿಯ ದುಡ್ಡೇ ಸಿಗಬೇಕು. ಆದರೆ ಒಂದೇ ಸಲ ಸಿಗುವುದಿಲ್ಲ. ಮನೆಯವರು ಹೊರಬೇಕಾದ ಪಾಲನ್ನೂ ಚಾವಣಿ ಸವೆದ ಬೆಲೆಯನ್ನೂ ಕಳೆದು ಕಂಪನಿ ಮೊದಲ ಚೆಕ್ಕು ಕೊಡುತ್ತದೆ. ಸವೆತಕ್ಕೆಂದು ಹಿಡಿದಿಟ್ಟದ್ದು ಬರುವುದು ಹೊಸ ಚಾವಣಿ ಹಾಕಿಸಿ ರಸೀದಿ ತೋರಿಸಿದ ಮೇಲೆ. ಅದೂ ವರ್ಷದೊಳಗೆ, ನಿಜಕ್ಕೂ ಖರ್ಚಾದಷ್ಟು ಮಾತ್ರ. ಕೈಯಲ್ಲಿ ಕಾಸಿಲ್ಲದವರ ಪಾಡಂತೂ ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತೆ.

"ಮೊದಲ ಚೆಕ್ಕೇ ಎಲ್ಲಾ ಅಂದ್ಕೊಂಡು ಜನ ಸುಮ್ನಾಗ್ಬಿಡ್ತಾರೆ," ಎನ್ನುತ್ತಾರೆ ವರ್ಲೀನ್. ಕಳೆದ ಬೇಸಿಗೆಯ ಆಲಿಕಲ್ಲಿಗೆ ಮುನ್ನೂರಹನ್ನೆರಡು ಮನೆಯವರು ಅರ್ಜಿ ಹಾಕಿದ್ದರು. ಎರಡನೆಯದನ್ನು ಕೇಳದೆ ಉಳಿದವರು ನಲವತ್ತೊಂದು. ಒಬ್ಬೊಬ್ಬರ ಕೊನೆಯ ದಿನಾಂಕವೂ ಇವರ ಡೈರಿಯಲ್ಲಿದೆ. ನಲವತ್ತು ಮನೆಗಳ ಎರಡನೇ ಅರ್ಜಿ ಹಾಕಿಸಿ ಮುಗಿದಿದೆ. ಉಳಿದದ್ದು ಆರ್ಲಿನ್ ಅವರದೊಂದೇ. ಇವತ್ತು ಸಂಜೆ ಐದಕ್ಕೆ ಗಡುವು.

ಆರ್ಲಿನ್ ಅವರ ತಪ್ಪು, ಒಬ್ಬರಿಗೊಬ್ಬರು ನೆರವಾಗುವುದನ್ನೇ ಧರ್ಮವೆಂದು ನಂಬುವ ಮೆನೊನೈಟ್ ಕ್ರೈಸ್ತರು ಮಾತ್ರ ಮಾಡಬಲ್ಲ ತಪ್ಪು. ಆಲಿಕಲ್ಲು ಬಿದ್ದ ಮರುವಾರವೇ ಅವರ ಚರ್ಚಿನ ಸಭೆಯ ಇಪ್ಪತ್ತು ಜನ ಏಣಿ ತಂದು ಒಂದೇ ಹಗಲಿನಲ್ಲಿ ಚಾವಣಿ ಹಾಕಿಕೊಟ್ಟರು. ಹಂಚು, ಮೊಳೆ ಎಲ್ಲವೂ ಸಭೆಯ ನೆರವಿನ ನಿಧಿಯದು. ಬಿಲ್ ಎಂಬ ಮಾತೇ ಇಲ್ಲ. ಮೊದಲ ಚೆಕ್ಕನ್ನು ಆರ್ಲಿನ್ ಬ್ಯಾಂಕಿಗೆ ಹಾಕಿ ಒಂದು ಕಾಸೂ ಮುಟ್ಟಿಲ್ಲ. "ನಾನು ಖರ್ಚು ಮಾಡದ ದುಡ್ಡು ನಂದು ಹೆಂಗಾಗುತ್ತೆ? ವಾಪಸ್ ಕೊಡೋಣ ಅಂತಿದ್ದೆ."

ಯಾರೋ ಗುತ್ತಿಗೆದಾರ ಇಡೀ ಕೂಲಿಗೆ ಬಿಲ್ ಬರೆದುಕೊಡುತ್ತೇನೆ ಎಂದಿದ್ದನಂತೆ. ವರ್ಲೀನ್ ಅವನನ್ನು ಬಾಗಿಲಲ್ಲೇ ತಡೆದು ಕಳಿಸಿದ್ದಾರೆ. "ಸುಳ್ಳು ಬಿಲ್ ನನ್ನ ಕಡತಕ್ಕೆ ಬರಲ್ಲ," ಎನ್ನುವಾಗ ಅವರ ದನಿ ಗಡುಸು.

ಆದರೆ ಸುಮ್ಮನೆ ಬಿಡಲೂ ಅವರಿಗೆ ಮನಸ್ಸಿಲ್ಲ. ಈ ವಸಂತದ ಬಿರುಗಾಳಿಗೆ ಡೀನಾ ಎಂಬ ವಿಧವೆಯ ಚಾವಣಿ ಹಾರಿಹೋಗಿದೆ. ವಿಮೆಯಿಲ್ಲದ ಮನೆ. ಎರಡು ತಿಂಗಳಿಂದ ನೀಲಿ ಟಾರ್ಪಾಲಿನ ಕೆಳಗೆ ಆಕೆ ಮೂರು ಮಕ್ಕಳನ್ನು ಕಟ್ಟಿಕೊಂಡಿದ್ದಾಳೆ. ಸಭೆಯಲ್ಲಿ ಕೈಗಳಿಗೆ ಬರವಿಲ್ಲ, ಹಂಚು ತರಲು ನಿಧಿಯಲ್ಲಿ ಏನೂ ಇಲ್ಲ.

ನಿಧಿ ನೋಡಿಕೊಳ್ಳುವ ಗೇಲನ್ ಅವರನ್ನೂ ವರ್ಲೀನ್ ಕೊಟ್ಟಿಗೆಗೇ ಕರೆಸಿಕೊಂಡಿದ್ದಾರೆ. ಆತ ಬರುತ್ತಲೇ ಸಿಡುಕುತ್ತಾರೆ. "ಕೊಟ್ಟದ್ದಕ್ಕೆ ದುಡ್ಡು ಇಸ್ಕೊಳ್ಳೋದಾ? ನಮ್ಮಪ್ಪ ಸಮಾಧಿಯಿಂದ ಎದ್ದು ಬರ್ತಾನೆ."

"ಬರ್ಲಿ, ಬಂದು ಡೀನಾ ಮನೆ ಮೇಲೆ ಹತ್ತಲಿ. ನಿಮ್ಮ ಕೈಗೆ ಬೆಲೆ ಕಟ್ಟಿ ಅಂತ ನಾನು ಕೇಳ್ತಿಲ್ಲ ಬ್ರದರ್. ಹಂಚಿನ ಅಂಗಡಿಯವನು ನಿಮಗೆ ಪುಕ್ಕಟೆ ಕೊಟ್ನಾ? ಆ ರಸೀದಿ ತನ್ನಿ. ಅದರಷ್ಟನ್ನ ಆರ್ಲಿನ್ ನಿಧಿಗೆ ಕಟ್ಟಲಿ, ಡೀನಾಗೆ ಹಂಚು ಬರುತ್ತೆ. ಆಗ ಅದು ಅವರ ನಿಜವಾದ ಖರ್ಚು. ಇದ್ದದ್ದು ಇದ್ದ ಹಾಗೆ ಕಂಪನಿಗೆ ಬರೀತೀನಿ, ಕೂಲಿ ಜಾಗದಲ್ಲಿ ಸೊನ್ನೆನೇ ಇರಲಿ."

ಆರ್ಲಿನ್ ಹಸುವಿನ ಬೆನ್ನು ಸವರುತ್ತ ಹೇಳುತ್ತಾರೆ. "ಮೊದಲ ಚೆಕ್ಕು ಸಾಲದೆ ಬಂದ್ರೆ ನನ್ನ ಕೈಯಿಂದ ಹಾಕ್ತೀನಿ. ಕಂಪನಿ ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ. ಆ ಮಕ್ಕಳು ನೆನೀಬಾರ್ದು."

ಹಂಚಿನ ರಸೀದಿ, ಆರ್ಲಿನ್ ನಿಧಿಗೆ ಕಟ್ಟಿದ ಚೀಟಿ, ಇಬ್ಬರ ಸಹಿಯ ಪತ್ರ, ಎಲ್ಲವೂ ಮಧ್ಯಾಹ್ನ ಮೂರಕ್ಕೆ ಕಂಪನಿ ಸೇರುತ್ತವೆ. ಹದಿನೆಂಟನೆಯ ದಿನ ಎರಡನೇ ಚೆಕ್ಕು ಬರುತ್ತದೆ. ಕೂಲಿಯ ಪಾಲು ಅದರಲ್ಲಿಲ್ಲ, ಹಂಚಿಗೆ ಮೊದಲ ಚೆಕ್ಕು ಸಾಲದೆ ಹೋದದ್ದರಲ್ಲಿ ಆರ್ಲಿನ್ ಹೊರಬೇಕಾದ ಪಾಲು ಕಳೆದು ಉಳಿದಷ್ಟಿದೆ.

ಡೀನಾ ಮನೆಯ ಮೇಲೆ ಅಷ್ಟರಲ್ಲಾಗಲೇ ಸುತ್ತಿಗೆಗಳ ಸದ್ದು ಕೇಳಿಯಾಗಿದೆ. ಆ ಶನಿವಾರ ಬನ್ನಿನ ಬುಟ್ಟಿ ಹಿಡಿದು ಕೆಳಗೆ ನಿಂತಿದ್ದ ವರ್ಲೀನ್ ಅವರ ಕಡೆ ಮೇಲಿನವರಾರೂ ನೋಡಲಿಲ್ಲ. ಅವರಿಗೆ ಅದರ ಬೇಸರವಿಲ್ಲ.

"ನಂಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ," ಎಂದು ನಗುತ್ತಾರೆ. ಆಮೇಲೆ ನನ್ನ ನೋಟ್‌ಬುಕ್ಕಿನ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಆದ್ರೂ ಆ ಹಂಚಲ್ಲಿ ಒಂದು ಸಾಲು ನಂದೇ ಅನ್ಸುತ್ತೆ. ಇದೊಂದು ಬರೀಬೇಡಿ ಮತ್ತೆ."