ಹಸಿವಿನ ಪ್ಯಾರಾ

ವಿಶ್ವವಿದ್ಯಾಲಯದ ಗೇಟಿನೆದುರು ಒಂದೇ ಬಾಗಿಲಿನ ಟೈಪಿಂಗ್ ಅಂಗಡಿ. ಒಳಗೆ ಒಂದು ಕಂಪ್ಯೂಟರು, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಪ್ರಿಂಟರು, ಮೂಲೆಯ ಸ್ಟೂಲಿನಲ್ಲಿ ಹಾಳೆ ಜೋಡಿಸಿ ಪಿನ್ ಹೊಡೆಯುವ ಅತ್ತೆ. ನಡುವೆ ನಮ್ಮ ಟೈಪಕ್ಕ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಹಾಗೆ ಕರೆಯುವವರಿಲ್ಲ, ಅಷ್ಟೆ.

ಹದಿನೆಂಟು ವರ್ಷದ ಹಿಂದೆ ಒಬ್ಬ ಹುಡುಗಿ ಅರ್ಜಿ ಹಿಡಿದು ಬಂದು, 'ನಿಮ್ಮ ಬಗ್ಗೆ ಬರೆಯಿರಿ' ಎಂಬಲ್ಲಿ ಏನೂ ತೋಚದೆ ಗೊಳೋ ಎಂದು ಅತ್ತಿದ್ದಳು. ಟೈಪಕ್ಕ ಕನಿಕರಪಟ್ಟು, ತಾನೇ ನಾಲ್ಕು ಸಾಲು ಹೊಸೆದುಕೊಟ್ಟಳು: 'ಚಿಕ್ಕಂದಿನಿಂದಲೂ ಹೊಟ್ಟೆಯ ಹಸಿವಿಗಿಂತ ಓದಿನ ಹಸಿವೇ ನನ್ನನ್ನು ಹೆಚ್ಚು ಕಾಡಿದೆ...' ಹುಡುಗಿಗೆ ಸೀಟು ಸಿಕ್ಕಿತು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಆಮೇಲೆ ಬಂದವರೆಲ್ಲ ಆ ಹಸಿವಿನ ಪ್ಯಾರಾ ಹಾಕಿಬಿಡಿ ಎನ್ನುವವರೇ. ಗಣಿತಕ್ಕೂ ಅದೇ ಹಸಿವು, ಕಾನೂನಿಗೂ ಅದೇ ಹಸಿವು.

ಈ ವರ್ಷ ಟೈಪಕ್ಕ ತನಗೇ ಒಂದು ಅರ್ಜಿ ತಂದಳು. ಮದುವೆಯ ಗಡಿಬಿಡಿಯಲ್ಲಿ ಅರ್ಧಕ್ಕೆ ಬಿಟ್ಟಿದ್ದ ಬಿ.ಎ., ಸಂಜೆ ತರಗತಿ. ನಲವತ್ತೈದು ದಾಟಿದವರಿಗೆ ಪ್ರವೇಶವಿಲ್ಲ. ಅವಳಿಗೆ ಆಗಲೇ ನಲವತ್ತೈದು ನಡೆಯುತ್ತಿತ್ತು. ಈ ಸಲ ತಪ್ಪಿದರೆ ಮುಗಿಯಿತು. 'ನಿಮ್ಮ ಬಗ್ಗೆ' ಎಂಬಲ್ಲಿಗೆ ಬರುವಾಗ ಗಿರಾಕಿಗಳು ಸಾಲುಗಟ್ಟಿದ್ದರು. ಅವರಿಗೆ ಉತ್ತರ ಕೊಡುತ್ತಿದ್ದಂತೆ ಬೆರಳುಗಳು ತಮ್ಮ ಪಾಡಿಗೆ ತಾವು ಓಡಿದವು. ತಿರುಗಿ ಓದದೆ ಕಳಿಸಿಬಿಟ್ಟಳು. ಟೈಪ್ ಮಾಡಿದ್ದನ್ನೆಲ್ಲ ಓದುತ್ತ ಕೂತಿದ್ದರೆ ಇಷ್ಟು ವರ್ಷದಲ್ಲಿ ಅವಳಿಗೆ ಹುಚ್ಚೇ ಹಿಡಿಯುತ್ತಿತ್ತು ಬಿಡಿ.

ವಾರದಲ್ಲಿ ಕಾಗದ ಬಂತು. ನಿಮ್ಮ ಮೊದಲ ಪ್ಯಾರಾ ಬೇರೆ ಅರ್ಜಿಗಳಿಂದ ನಕಲು ಮಾಡಿದ್ದು. ಶುಕ್ರವಾರದೊಳಗೆ ಸ್ವಂತ ಮಾತಿನಲ್ಲಿ ಬರೆದು ಕಳಿಸದಿದ್ದರೆ ಅರ್ಜಿ ತಿರಸ್ಕೃತ. ಊರಿಗೆಲ್ಲ ಬರೆದುಕೊಟ್ಟವಳೇ ಕಳ್ಳಿಯಾದಳಲ್ಲ! ಅವಮಾನವಾಯಿತು, ಅಳುವೂ ಬಂತು. ಎರಡು ದಿನ ಕೂತರೂ ಒಂದು ಸಾಲು ಹುಟ್ಟಲಿಲ್ಲ. ತನ್ನ ಬಗ್ಗೆ ಹೇಳುವುದಕ್ಕೆ ಏನಿದೆ ಮಣ್ಣು ಎಂದು ಗೊಣಗಿದಳು.

ಅತ್ತೆ ಪಿನ್ ಹೊಡೆಯುವುದನ್ನು ನಿಲ್ಲಿಸಿದರು. "ಆ ಪ್ಯಾರಾ ಬರ್ದೋಳು ನೀನು, ಕದ್ದೋರು ಅವ್ರು. ಅದನ್ನೇ ಬರಿಯೇ. ಅದಕ್ಕೇನು ನಾಚ್ಕೆ?"

ಟೈಪಕ್ಕ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಬರೆದಳು: 'ಆ ಪ್ಯಾರಾ ನನ್ನದೇ. ಅದನ್ನು ಹಿಡಿದುಕೊಂಡು ಎಷ್ಟೋ ಜನ ನಿಮ್ಮ ಗೇಟಿನೊಳಗೆ ಹೋದರು. ಅವರಿಗೆಲ್ಲ ಬರೆದುಕೊಟ್ಟ ಹಸಿವು ನನ್ನದು. ನಾನು ಮಾತ್ರ ಇನ್ನೂ ರಸ್ತೆಯ ಈಚೆ ಇದ್ದೇನೆ.'

ಈ ಸಲ ತಿರುಗಿ ಓದಿದಳು, ಒಂದಲ್ಲ, ಮೂರು ಸಲ.

ಮುಂದಿನ ವಾರ ಕಾಗದ ಬರಲಿಲ್ಲ. ಪ್ರವೇಶ ವಿಭಾಗದ ಮೇಡಂ ತಾವೇ ರಸ್ತೆ ದಾಟಿ ಬಂದರು. ನಕಲು ಎಂದದ್ದು ಕಚೇರಿಗೆ ಈ ವರ್ಷ ಬಂದ ಹೊಸ ಕಂಪ್ಯೂಟರು. ಉತ್ತರ ಓದಿದ್ದು ಇವರು. ಟೈಪಕ್ಕ ಗಡಬಡಿಸಿ ಕುರ್ಚಿ ಬಿಟ್ಟೆದ್ದಳು.

"ನನ್ನ ಅರ್ಜೀಲೂ ಅದೇ ಪ್ಯಾರಾ ಇತ್ತು ಅಕ್ಕಾ. ಇಲ್ಲೇ ಟೈಪ್ ಮಾಡ್ಸಿದ್ದು," ಎಂದರು ಮೇಡಂ. "ಸೋಮವಾರ ಸಂಜೆ ಆರಕ್ಕೆ ಮೊದಲ್ನೇ ಕ್ಲಾಸು. ತಡ ಮಾಡ್ಬೇಡಿ."

ಸಂಜೆ ಹೊತ್ತು ಅಂಗಡಿ ಯಾರು ನೋಡಿಕೊಳ್ಳುವುದು ಎಂದು ತಡವರಿಸುತ್ತ ಟೈಪಕ್ಕ ತಿರುಗಿದರೆ, ಅತ್ತೆ ಆಗಲೇ ಅವಳ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಒಂದೇ ಬೆರಳಿನಲ್ಲಿ 'ಹ' ಎಲ್ಲಿದೆಯೆಂದು ಹುಡುಕುತ್ತಿದ್ದರು.