ಪಾಲಾದ ರಾಗಿಕಲ್ಲು

ಅವ್ವನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದದ್ದು ಪೂರಾ ನನ್ನ ಕಿತಾಪತಿ. ನಿಜ ಹೇಳಿದ್ದರೆ ಅವಳು ಬಸ್ಸೇ ಹತ್ತುತ್ತಿರಲಿಲ್ಲ. ಮದ್ದೂರಿನ ಹತ್ತಿರ ಹಳೇ ಶಾಲೆಯೊಂದರಲ್ಲಿ ನಮ್ಮ ಸೀಮೆಯ ಹಳೇ ಸಾಮಾನನ್ನೆಲ್ಲ ಜೋಡಿಸಿಟ್ಟಿದ್ದಾರೆ. ನಮ್ಮನೆ ರಾಗಿಕಲ್ಲಿನ ಕೆಳಗಿನ ಕಲ್ಲನ್ನು ಅಲ್ಲಿಗೆ ಕೊಟ್ಟವಳು ನಾನೇ. ಅದು ಅವ್ವನಿಗೆ ಗೊತ್ತಿತ್ತು. ಮೇಲಿನ ಕಲ್ಲು ಮಳವಳ್ಳಿಯ ಚಿಕ್ಕವ್ವನಿಂದ ಬಂದು ಅದರ ಮೇಲೆ ಕೂತಿದೆ ಅನ್ನೋದು ಗೊತ್ತಿರಲಿಲ್ಲ. ಮ್ಯೂಸಿಯಮ್ಮಿನವರಿಗೆ ಚಿಕ್ಕವ್ವನ ವಿಳಾಸ ಕೊಟ್ಟವಳೂ ನಾನೇ.

ಚಿಕ್ಕವ್ವ ಅಂದರೆ ಅಪ್ಪನ ತಮ್ಮನ ಹೆಂಡತಿ. ನಾನು ಸಣ್ಣವಳಿದ್ದಾಗ ಅವರಿಬ್ಬರೂ ಎದುರುಬದುರು ಕೂತು, ಒಂದೇ ಹಿಡಿಗೆ ಇಬ್ಬರ ಕೈ ಹಾಕಿ ರಾಗಿ ಬೀಸೋರು. ನಾನು ಅವ್ವನ ತೊಡೆ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಕೂದಲಿಗೆಲ್ಲ ಹಿಟ್ಟು ಹಾರೋದು. ಆ ಕಲ್ಲಿನ ಸದ್ದಿಗೆ ಬಂದಂಥ ನಿದ್ದೆ ಆಮೇಲೆ ಯಾವ ಹಾಸಿಗೆಯಲ್ಲೂ ಬರಲಿಲ್ಲ, ಸುಳ್ಳಲ್ಲ.

ಆಮೇಲೆ ಮನೆ ಪಾಲಾಯಿತು. ಹೊಲ, ಎತ್ತು, ಹಂಡೆ ಎಲ್ಲ ಸಲೀಸಾಗಿ ಮುಗಿದು, ಜಗಳ ರಾಗಿಕಲ್ಲಿಗೆ ಬಂದು ನಿಂತಿತು. ಸರದಿ ಮೇಲೆ ಬೀಸಿಕೊಳ್ಳಿ ಅಂತ ಊರ ಯಜಮಾನರು ಹೇಳಿದರೂ ಹೆಂಗಸರು ಒಪ್ಪಲಿಲ್ಲವಂತೆ. ಕೊನೆಗೆ ಕಲ್ಲನ್ನೇ ಪಾಲು ಮಾಡಿದರು. ಕೆಳಗಿನದು ನಮಗೆ, ಮೇಲಿನದು ಅವರಿಗೆ. ಇಂಥ ಘನಂದಾರಿ ನ್ಯಾಯ ನಮ್ಮೂರಲ್ಲೇ ಆಗಬೇಕು. ನಮ್ಮ ಕಲ್ಲು ಬಟ್ಟೆ ಒಗೆಯೋ ಜಾಗ ಸೇರಿತು. ಅವರದು ಗೋಡೆಯಾಚೆ ಕೋಳಿ ಮುಚ್ಚಿದ ಮಂಕರಿ ಮೇಲೆ ಕೂತಿತು. ಎರಡು ಮನೆಯ ಹೆಂಗಸರೂ ರಾಗಿ ಹೊತ್ತುಕೊಂಡು ಮಾತಿಲ್ಲದೆ ಮಿಲ್ಲಿಗೆ ನಡೆದರು.

ಚಿಕ್ಕವ್ವನೇ ಹಟ ಹಿಡಿದು ಕಲ್ಲು ಬೇರೆ ಮಾಡಿಸಿದಳು ಅಂತ ಅವ್ವ ಹೇಳುತ್ತಾ ಬಂದಳು, ನಾವು ನಂಬುತ್ತಾ ಬಂದೆವು. ನಾನಂತೂ ಚಿಕ್ಕವ್ವ ಎದುರು ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ಈಗ ಅವ್ವನಿಗೆ ಎಂಬತ್ತರ ಹತ್ತಿರ. ಚಿಕ್ಕವ್ವ ಸೊಂಟ ಮುರಿದುಕೊಂಡು ಮಳವಳ್ಳಿಯ ಮಗಳ ಮನೆಯಲ್ಲಿ ಮಲಗಿದ್ದಾಳೆ. ಒಬ್ಬರು ಕಣ್ಣು ಮುಚ್ಚೋದರೊಳಗೆ ಇಬ್ಬರೂ ಒಂದು ಮಾತಾಡಲಿ ಅನ್ನೋದಷ್ಟೇ ನನ್ನ ಆಸೆಯಾಗಿತ್ತು.

ಮ್ಯೂಸಿಯಮ್ಮಿನ ಬಾಗಿಲಲ್ಲೇ ಅವ್ವ ಚಪ್ಪಲಿ ಬಿಟ್ಟಳು. ಬಿಡಬೇಕಾಗಿಲ್ಲ ಅಂದದ್ದಕ್ಕೆ, "ಮೊರ, ಒನಕೆ ಎಲ್ಲ ಮಡ್ಗವ್ರೆ, ಮೆಟ್ಕೊಂಡು ಓಗಕ್ಕಾದದಾ?" ಅಂತ ನನ್ನನ್ನೇ ಗದರಿದಳು. ಗೋಡೆಗೆ ನೇತುಹಾಕಿದ ಮೊರ ಕಂಡು, "ಲಕ್ಸ್ಮಿಗೆ ಮೊಳೆ ಒಡ್ದವ್ರಲ್ಲೇ" ಅಂತ ಗೊಣಗಿದಳು. ರಾಗಿಕಲ್ಲಿನ ಮುಂದೆ ಬಂದು ನಿಂತಳು.

ಮುಟ್ಟಬೇಡಿ ಅಂತ ಬೋರ್ಡಿತ್ತು. ಅವ್ವನಿಗೆ ಓದು ಬಾರದು. ಕುಕ್ಕರಗಾಲಲ್ಲಿ ಕೂತು ಮೇಲಿನ ಕಲ್ಲಿನ ಅಂಚು ಸವರಿದಳು. ಕಾವಲಿನವರು ಎದ್ದು ಬಂದರು, ನಾನು ಕೈಮುಗಿದು ತಡೆದೆ.

"ಇದು ಅವುಳ್ದು," ಅಂದಳು ಅವ್ವ.

"ಹೂಂ. ಕೇಳಿದ ತಕ್ಷಣ ಕೊಟ್ಟಳಂತೆ."

ಬೈಗುಳಕ್ಕೆ ತಯಾರಾಗಿ ನಿಂತೆ. ಅವ್ವ ಕಲ್ಲಿನಿಂದ ಕೈ ತೆಗೆಯದೆ ಹೇಳಿದಳು. "ಪಾಲು ಮಾಡಿ ಅಂದೋಳು ಅವ್ಳಲ್ಲ ಕಣವ್ವ, ನಾನು. ನೀನೇ ಮಡಿಕೊ ಅಕ್ಕ ಅಂತ ಅವ್ಳು ಬುಟ್ಟುಕೊಟ್ಳು. ಅವಳ ಧರ್ಮ ನನಗ್ಯಾಕೆ ಅಂತ ನಾನೇ ರಚ್ಚೆ ಮಾಡ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ವರ್ಷ ಆ ಹೆಂಗಸನ್ನು ಕಂಡರೂ ಕಾಣದ ಹಾಗೆ ನಡೆದಿದ್ದೆ. ಅಲ್ಲೇ ಅವ್ವನಿಗೆ ಸರಿಯಾಗಿ ಅನ್ನಬೇಕು ಅಂತಿದ್ದೆ. ಅಷ್ಟರಲ್ಲಿ ಅವಳು ಏಳಲಾರದೆ ನನ್ನ ಕಡೆ ಕೈ ಚಾಚಿದಳು, ಹಿಡಿದು ಎಬ್ಬಿಸಿದೆ.

ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸು ನಿಂತಿತ್ತು. ಅವ್ವ ಹತ್ತಲಿಲ್ಲ. "ಮಳವಳ್ಳಿ ಬಸ್ ಯಾವ್ದು ಕೇಳು," ಅಂದಳು. ಭಾರತೀನಗರದವರೆಗೂ ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳಿತು.

ಚಿಕ್ಕವ್ವ ಮಂಚದಲ್ಲಿ ಗೋಡೆಗೆ ಒರಗಿದ್ದಳು. ಅವ್ವ ಹೊಸ್ತಿಲಾಚೆಯೇ ನಿಂತು, "ತಪ್ಪು ನಂದು ಕಣಮ್ಮಿ. ಎಲ್ರುಗೂ ನಿನ್ ಮ್ಯಾಲೇ ಏಳ್ಕೊಂಡು ಬಂದೆ," ಅಂದಳು.

"ಗೊತ್ತು ಕಣಕ್ಕ. ಒಳೀಕ್ ಬಾ," ಅಂದಳು ಚಿಕ್ಕವ್ವ. ಆಮೇಲೆ ಅವ್ವನ ಬೆನ್ನ ಹಿಂದೆ ನಿಂತಿದ್ದ ನನ್ನ ಕಡೆ ನೋಡಿ, "ನೀನೂ ಬಾ ಮಗ," ಅಂದಳು. ನನಗೆ ತಲೆ ಎತ್ತಲಾಗಲಿಲ್ಲ.